ಹೊಕ್ಕುಳಿಂದ ನೆಲಕ್ಕೆ ಒಂದು ದಾರ

ತುಮಕೂರಿನ ದೊಡ್ಡ ಪೋಸ್ಟಾಫೀಸಿಗೆ ಹೋದ ವಾರ ಒಂದು ಪುಟ್ಟ ಪಾರ್ಸಲ್ ಕಳಿಸಲು ಹೋಗಿದ್ದೆ. ಬಿಳಿ ಬಟ್ಟೆಯಲ್ಲಿ ನಾನೇ ಹೊಲಿದು ತಂದಿದ್ದೆ. ಇನ್ಶೂರ್ ಮಾಡಿಸಬೇಕು ಅಂದಾಗ ಕೌಂಟರಿನ ಹುಡುಗಿ, "ಒಳಗೇನಿದೆ ಆಂಟಿ, ಒಡವೇನಾ?" ಅಂತ ಕೇಳಿದಳು. "ಮರದ ಆಟದ ಸಾಮಾನು ಕಣಮ್ಮ," ಅಂದೆ. ಅವಳು ಪಕ್ಕದವಳ ಮುಖ ನೋಡಿ ನಕ್ಕಳು. ನಗಲಿ ಬಿಡಿ, ನಗುವ ವಯಸ್ಸು. ಒಳಗಿನಿಂದ ಒಬ್ಬರು ಮೇಣದಬತ್ತಿ ಹಚ್ಚಿಕೊಂಡು ಬಂದು, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದು, ಹೊಲಿಗೆಯ ಮೇಲೆ ತೊಟ್ಟಿಕ್ಕಿಸಿ ಮುದ್ರೆ ಒತ್ತತೊಡಗಿದರು. ಆ ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನಾಗಿ ಹೋಗಿ ಹೊಟ್ಟೆಯನ್ನು ಮುಚ್ಚಿಕೊಂಡಿತು. ಅರವತ್ತೈದು ದಾಟಿದ ಹೆಂಗಸು ನಾನು. ಮುಚ್ಚಿಕೊಳ್ಳಲು ಆ ಹೊಟ್ಟೆಯಲ್ಲಿ ಈಗ ಮಂಡಿನೋವಿನ ಮಾತ್ರೆ ಬಿಟ್ಟರೆ ಇನ್ನೇನಿದೆ? ಆದರೂ ಕೈ ಹೋಯಿತು.

ಸದಾಶಿವನಗರದ ಮನೆಗೆ ಆಟೋದಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಒಂದು ಮಳೆಗಾಲವೇ ಕಣ್ಣ ಮುಂದೆ ಇತ್ತು.

ನಾನು ಹುಟ್ಟಾ ಪುಕ್ಕಲು. ಹಗ್ಗ ಕಂಡರೆ ಹಾವು ಅನ್ನುವವಳು. ಹಾವನ್ನೇ ಕಂಡರೆ ಏನನ್ನುತ್ತಿದ್ದೆನೋ, ಅಷ್ಟು ಹೊತ್ತು ಅಲ್ಲಿ ನಿಂತಿದ್ದರೆ ತಾನೇ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಕುಣಿಗಲ್ ಕಡೆಯ ಹಳ್ಳಿಯಿಂದ ಗುಬ್ಬಿಗೆ ಮದುವೆಯಾಗಿ ಬಂದೆ. ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮಾವ ನಂಜಾಚಾರ್ರು ತಿರುಗಣಿ ಕೆಲಸದವರು. ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಅದಕ್ಕೆ ಸುತ್ತಿದ ಹಗ್ಗವನ್ನು ನಮ್ಮತ್ತೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಗಿರಗಿರ ತಿರುಗುವ ಮರಕ್ಕೆ ಮಾವ ಉಳಿ ಕೊಡಬೇಕು. ತೊಟ್ಟಿಲಿನ ಕಡ್ಡಿ, ಮಂಚದ ಕಾಲು, ಲಟ್ಟಣಿಗೆ, ಬುಗುರಿ ಹೀಗೆ ಹುಟ್ಟುತ್ತಿದ್ದವು. ಕೊನೆಗೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತಿತ್ತು. ಮನೆಯೆಲ್ಲಾ ಅದೇ ವಾಸನೆ. ಹುಳಿಸಾರಿಗೂ ಅದೇ ವಾಸನೆ ಅಂತ ನಾನು ಮೊದಮೊದಲು ಊಟ ಬಿಡುತ್ತಿದ್ದೆ.

ಯೋಯೋ ನಮ್ಮ ಮನೆಗೆ ಬಂದದ್ದು ನನ್ನ ಮದುವೆಯ ದಿಬ್ಬಣದ ಜೊತೆಗೇ. ಬೆಂಗಳೂರಿನ ನೆಂಟರ ಮಗುವೊಂದು ಪ್ಲಾಸ್ಟಿಕ್ಕಿನದೊಂದು ತಂದಿತ್ತು. ಚಪ್ಪರದ ಕಂಬಕ್ಕೆ ಬಡಿದು ಅದು ಎರಡು ಹೋಳಾಯಿತು, ಮಗು ರಂಪ ಮಾಡಿತು. ಬೀಗರ ಊಟದ ಗಡಿಬಿಡಿಯಲ್ಲಿ ಮಾವ ಆ ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತುಬಿಟ್ಟರು. "ಎರಡು ಬಟ್ಲು, ಮಧ್ಯಕ್ಕೊಂದು ಕಡ್ಡಿ. ಇಷ್ಟೇ ತಾನೆ?" ಅಂದರು. ಇಷ್ಟೇ ಆಗಿರಲಿಲ್ಲ. ಅವರು ಹಾಲೆ ಮರದಲ್ಲಿ ಕಡೆದ ಮೊದಮೊದಲ ಯೋಯೋಗಳು ಕೆಳಗಿಳಿದು ಅಲ್ಲೇ ನೇತಾಡುತ್ತಿದ್ದವು. ಮೇಲಕ್ಕೆ ಬರುತ್ತಲೇ ಇರಲಿಲ್ಲ. ತಪ್ಪು ಮರದಲ್ಲಿ ಇರಲಿಲ್ಲ, ದಾರದಲ್ಲಿ ಇತ್ತು. ಕಡ್ಡಿಗೆ ದಾರವನ್ನು ಗಂಟು ಹಾಕಬಾರದು, ಎರಡೆಳೆ ಹೊಸೆದ ದಾರದ ಕುಣಿಕೆಯನ್ನು ಸುಮ್ಮನೆ ತೊಡಿಸಬೇಕು, ಆಗ ಅದು ಕೆಳಗೆ ನಿಂತು ತಿರುಗುತ್ತದೆ, ಬೆರಳು ಜಗ್ಗಿದರೆ ಮೇಲೆ ಬರುತ್ತದೆ ಅನ್ನುವುದು ಬಹಳ ದಿನ ತಿಣುಕಾಡಿದ ಮೇಲೆ ಗೊತ್ತಾಯಿತು. ದೀಪದ ಬತ್ತಿ ಹೊಸೆಯುವ ಕೈ ನನ್ನದು ಚೆನ್ನಾಗಿತ್ತು. ಮೊಣಕಾಲ ಕೆಳಗೆ ಸೀರೆ ಸರಿಸಿ, ನೂಲನ್ನು ಹೊಸೆದು ಹೊಸೆದು ಮಡಚಿ ಕೊಟ್ಟೆ. ಯೋಯೋ ಕೆಳಗಿಳಿಯಿತು, ಗುಂಯ್ ಅಂತ ನಿಂತು ತಿರುಗಿತು, ಪಟ್ಟನೆ ಮಾವನ ಅಂಗೈಗೆ ಬಂದು ಕೂತಿತು. ಅತ್ತೆ ಹಗ್ಗ ಕೈಬಿಟ್ಟು ಕೆನ್ನೆಗೆ ಕೈ ಹಚ್ಚಿಕೊಂಡರು. "ಹೋಗ್ಬಾ ಅಂದ್ರೆ ಹೋಗ್ಬತ್ತದಲ್ರೀ!" ಅಂದರು.

ಆಮೇಲೆ ಮಾವನನ್ನು ಹಿಡಿಯುವವರು ಯಾರು? ಮನೆಯಲ್ಲಿ ಮಾತೇ ಆಡದ ಮನುಷ್ಯ, ಮಧ್ಯಾಹ್ನ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆಂದರೆ ಬೇರೆಯೇ ಆಳು. ಆಟಗಳಿಗೆ ಅವರೇ ಹೆಸರಿಟ್ಟಿದ್ದರು. ಯೋಯೋ ಕೆಳಗೆ ನಿಂತು ತಿರುಗುವುದು 'ಬಾವಿಗಿಳಿದ ಬಿಂದಿಗೆ'. ತಲೆಯ ಸುತ್ತ ಬೀಸಿ ತರುವುದು 'ಗಾಣ'. ಕೊನೆಯದು 'ತೊಟ್ಟಿಲು'. ಅದಕ್ಕೆ ಅವರು ಎಡಗೈ ಬೆರಳುಗಳಿಂದ ದಾರವನ್ನು ಮುಕ್ಕೋಣವಾಗಿ ಎತ್ತಿ ಹಿಡಿದು, ಅದರ ನಡುವೆ ತಿರುಗುತ್ತಿರುವ ಯೋಯೋವನ್ನು ಅತ್ತಿತ್ತ ತೂಗುತ್ತಾ, ಜೋಜೋ ಅಂತ ಗಂಟಲಲ್ಲೇ ಗುನುಗುತ್ತಿದ್ದರು. ಗಲಾಟೆ ಮಾಡುವ ಮಕ್ಕಳೆಲ್ಲ ಆಗ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ನಾನೂ ಎಷ್ಟೋ ಸಲ ಒಲೆ ಮೇಲಿನ ಹಾಲು ಉಕ್ಕುವುದು ಮರೆತು ಅದನ್ನೇ ನೋಡುತ್ತಾ ನಿಂತಿದ್ದೇನೆ.

ಯಾರಿಗೆ ಯೋಯೋ ಕೊಟ್ಟರೂ ಮೊದಲು ಅಳತೆ ತೆಗೆಯಬೇಕು. ದಾರ ಉದ್ದವಾದರೆ ನೆಲಕ್ಕೆ ಬಡಿಯುತ್ತದೆ, ಗಿಡ್ಡವಾದರೆ ತಿರುಗಲು ಜಾಗ ಸಾಲದು. ಹೊಕ್ಕುಳಿಂದ ನೆಲಕ್ಕೆ ಎಷ್ಟೋ ಅಷ್ಟೇ ದಾರ. ಮಾವ ದಾರದ ಒಂದು ತುದಿಯನ್ನು ತಮ್ಮ ಕಾಲ ಹೆಬ್ಬೆಟ್ಟಿನ ಕೆಳಗೆ ಮೆಟ್ಟಿಕೊಂಡು ಇನ್ನೊಂದನ್ನು ಮಗುವಿನ ಹೊಟ್ಟೆಗೆ ಹಿಡಿದು, "ಎಲ್ಲವ್ಲಾ ನಿನ್ನ ಹೊಕ್ಕುಳು? ಮನೇಲೇ ಬುಟ್ಟು ಬಂದಿದೀಯಾ?" ಅಂತ ಕಚಗುಳಿ ಇಡುತ್ತಿದ್ದರು. ಮಗು ಕಿಲಕಿಲ ಅನ್ನುವಾಗ ಚೂರಿಯಿಂದ ದಾರ ಕತ್ತರಿಸುತ್ತಿದ್ದರು. ನೋಡಲು ಎಷ್ಟು ಚೆಂದವಿತ್ತು ಅದು.

ಮಾರನೇ ಮಳೆಗಾಲದ ಹೊತ್ತಿಗೆ ನಾನು ಬಸುರಿ. ಹೇಮಾವತಿ ನೀರು ಬರುತ್ತದೆ ಅಂತ ನಮ್ಮ ಸೀಮೆಯಲ್ಲಿ ನಾಲೆ ಅಗೆಯುತ್ತಿದ್ದ ಕಾಲ. ಎಲ್ಲಿ ನೋಡಿದರೂ ಕೆಮ್ಮಣ್ಣಿನ ಗುಡ್ಡೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಬಂಡೆ ಸಿಡಿಸುವ ಸದ್ದು ಗುಬ್ಬಿಗೂ ಕೇಳುತ್ತಿತ್ತು. ಢಂ ಅಂದರೆ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಅಲುಗುತ್ತಿದ್ದವು, ನನ್ನ ಎದೆಯೂ ಜೊತೆಗೆ. ಆಷಾಢದ ಮಳೆಗೆ ಅಗೆದ ಗುಂಡಿಗಳೆಲ್ಲ ತುಂಬಿಕೊಂಡವು. ಕುಣಿಗಲ್ ದಾರಿಯ ಒಂದು ಹಳ್ಳಿಯಲ್ಲಿ ದನ ಕಾಯಲು ಹೋದ ಮಗುವೊಂದು ಅಂಥ ಗುಂಡಿಗೆ ಜಾರಿ ಹೋಯಿತು. ಪಾಪ, ಅದು ಆಕಸ್ಮಿಕವೇ. ಆದರೆ ಸುದ್ದಿ ಹಿಟ್ಟಿನ ಗಿರಣಿಯ ಹತ್ತಿರ ಬರುವ ಹೊತ್ತಿಗೆ ಬೇರೆಯೇ ಆಗಿತ್ತು.

ರಾಗಿ ಬೀಸಿಸಲು ಸಾಲಿನಲ್ಲಿ ಕೂತಿದ್ದಾಗ ಒಬ್ಬಾಕೆ ಪಿಸುಪಿಸು ಹೇಳಿದಳು. "ನಾಲೆ ಕಂಬ ನಿಲ್ತಾ ಇಲ್ವಂತೆ ಕಣಕ್ಕ. ತಲೆ ಕೇಳ್ತಾ ಐತಂತೆ. ಈಗೇನು ಮಗೀನ ಹೊತ್ಕೊಂಡು ಹೋಗೋದೂ ಬ್ಯಾಡ್ವಂತೆ. ಯಾರೋ ಬತ್ತಾರಂತೆ, ಚೆಂದಾಗಿ ಮಾತಾಡ್ಸಿ ದಾರದಾಗೆ ಮಗೀನ ಅಳತೆ ತಗೊಂಡು ಹೋಗ್ತಾರಂತೆ. ಆ ದಾರಾನ ಕಂಬದ ಬುಡಕ್ಕೆ ಹೂತ್ರೆ ಆಯ್ತು. ಮಗು ತಾನಾಗೇ ಎದ್ದು ನೀರಿಗೆ ಹೋಗ್ಬುಡ್ತದಂತೆ."

ನಾನು ಹಿಟ್ಟಿನ ಡಬ್ಬವನ್ನು ಹತ್ತಿರ ಎಳೆದುಕೊಂಡೆ. ಮಕ್ಕಳನ್ನು ದಾರದಲ್ಲಿ ಅಳೆಯುವವರು ನಮ್ಮ ಮನೆಯಲ್ಲೇ ಇದ್ದಾರೆ. ಆ ದಾರ ಹೊಸೆಯುವವಳು ನಾನು.

ಮನೆಗೆ ಬಂದು ಹೇಳಿದರೆ ಮಾವ ನಕ್ಕರು. ಅತ್ತೆ ನಗಲಿಲ್ಲ.

"ಗುಬ್ಬೀಲಿ ನನ್ನ ಅರೀದವರು ಯಾರವ್ರೆ?" ಅಂದರು ಮಾವ.

"ಗುಬ್ಬೀಲಿ ಸರಿ. ಗುಬ್ಬಿ ದಾಟಿದ್ರೆ ನೀವ್ಯಾರೋ ಅವ್ರ್ಯಾರೋ," ಅಂದರು ಅತ್ತೆ. "ಈ ಹುಡುಗಿ ಹೆರಿಗೆ ಆಗೋಗಂಟ ಆ ಯೋಯೋ ಚೀಲ ಮುಟ್ಬೇಡಿ. ನನ್ನಾಣೆ."

ಮಾವ ಒಪ್ಪಿಕೊಂಡರು. ಸ್ಕೂಲಿನ ಗೇಟಿಗೆ ಹೋಗುವುದು ನಿಂತಿತು. ಹಾಗಂತ ನನ್ನ ಹೆದರಿಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಯಾರೇ ಗಂಟಲು ಸರಿಮಾಡಿದರೂ ಮಾವನನ್ನು ಹುಡುಕಿಕೊಂಡು ಬಂದವರೇ ಅನ್ನಿಸುತ್ತಿತ್ತು. ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆ ಹೆಂಗಸು ಹೇಳಿದ ಮಾತನ್ನು ನಾನು ಅರ್ಧ ನಂಬಿದ್ದೆ. ಯಾರೋ ನಮ್ಮ ದಾರವೊಂದನ್ನು ಕೊಂಡುಹೋಗಿ ನಿಜವಾಗಿಯೂ ಹೂತಿದ್ದರೆ? ಕಟ್ಟೆಗೆ, ಸೇತುವೆಗೆ ಬಲಿ ಕೊಟ್ಟ ಕಥೆ ಕೇಳಿಯೇ ಬೆಳೆದವಳು ನಾನು. ಹೊಟ್ಟೆಯಲ್ಲಿ ಮಗು ಹೊರಳಿದಾಗಲೆಲ್ಲ ಆ ಕಥೆಗಳೂ ಹೊರಳುತ್ತಿದ್ದವು.

ಮಹಾನವಮಿ ಕಳೆದ ಮೇಲೆ ನನ್ನನ್ನು ತವರಿಗೆ ಕಳಿಸಬೇಕಿತ್ತು. ಕರೆದೊಯ್ಯಲು ಬರಬೇಕಿದ್ದ ಅಣ್ಣನಿಗೆ ಚಳಿಜ್ವರ. ಯಜಮಾನರಿಗೆ ರಜ ಇಲ್ಲ. ಮಾವನೇ ಹೊರಟರು. ಹುಟ್ಟುವ ಮಗುವಿಗೆಂದು ಕಡೆದ ತೊಟ್ಟಿಲಿನ ಕೆಂಪು ಕಡ್ಡಿಗಳು, ಅವನ್ನು ಅಲ್ಲೇ ಜೋಡಿಸಲು ಉಳಿಗಳು, ಸುತ್ತಿಗೆ, ಸವೆದ ಕಡೆ ಹಚ್ಚಲು ಅರಗಿನ ಉಂಡೆ, ಎಲ್ಲ ಒಂದು ಗೋಣಿಚೀಲದಲ್ಲಿ. ಅಣ್ಣನ ಮಕ್ಕಳಿಗೆ ಅಂತ ಯೋಯೋಗಳನ್ನೂ ಹಾಕಿಕೊಂಡರು. "ಅದ್ಯಾಕೆ ಮಾವ?" ಅಂದೆ. "ನಿನ್ನ ತವರಿಗೆ ಬರಿಗೈಲಿ ಹೋಗಾದಾ?" ಅಂದರು. ಅತ್ತೆ ಹೊಸ್ತಿಲಲ್ಲಿ ನಿಂತು ನನ್ನ ಮಡಿಲಿಗೆ ಹೂವು, ಬಾಳೆಹಣ್ಣು ಹಾಕಿ, "ಇಬ್ರೂ ಉಸಾರು," ಅಂದರು. ಬತ್ತಿ ಹೊಸೆಯುವ ನೂಲಿನ ಉಂಡೆ ನನ್ನ ಕೈಚೀಲದಲ್ಲಿತ್ತು. ಕೈ ಖಾಲಿ ಇದ್ದರೆ ತಲೆ ಕೆಡುತ್ತದೆ ಅಂತ ಅದನ್ನು ಎಲ್ಲಿ ಹೋದರೂ ಒಯ್ಯುತ್ತಿದ್ದೆ.

ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕಿಟಕಿಯಿಂದ ನೋಡಿದೆ. ಬಲಕ್ಕೆ ಕೆಮ್ಮಣ್ಣಿನ ಉದ್ದದ ಗುಡ್ಡೆ, ಅದರಾಚೆ ತಗ್ಗಿನ ಮೇಲೆ ನಾಲೆ ಹಾಯಿಸಲು ಕಟ್ಟುತ್ತಿದ್ದ ಕಂಬಗಳು, ಕೆಳಗೆ ಮಣ್ಣುಬಣ್ಣದ ನೀರು. ಯಾವ ಊರು ಅಂತ ಕಂಡಕ್ಟರನ್ನು ಕೇಳಿದೆ. ಅವನು ಹೇಳಿದ ಹೆಸರು ಹಿಟ್ಟಿನ ಗಿರಣಿಯಲ್ಲಿ ಕೇಳಿದ್ದ ಹೆಸರೇ. ಮಗು ಹೋದದ್ದು ಇದೇ ಊರಲ್ಲಿ.

"ಮಾವ, ಚೀಲ ಬಿಚ್ಚಬೇಡಿ," ಅಂದೆ.

"ನನಗೇನು ಬುದ್ಧಿ ಇಲ್ವೇನಮ್ಮ?" ಅಂದರು.

ಜಿನುಗು ಮಳೆ. ರಸ್ತೆ ಪಕ್ಕದ ಸ್ಕೂಲಿನ ಜಗಲಿಯಲ್ಲಿ ಕೂತೆವು. ರಜೆಯಾದ್ದರಿಂದ ಮೇಷ್ಟ್ರಿಲ್ಲ, ಆದರೆ ಬಸ್ಸು ಕೆಟ್ಟ ಸುದ್ದಿಗೆ ಊರಿನ ಮಕ್ಕಳೆಲ್ಲ ಅಲ್ಲಿಗೇ ಬಂದು ನಿಂತಿದ್ದವು. ನನಗೆ ಬಾಯಾರಿತ್ತು. ಎದುರಿನ ಮನೆಗೆ ನೀರು ಕೇಳಲು ಹೋದೆ. ಅಲ್ಲಿದ್ದ ಅಜ್ಜಿ ನೀರಿನ ಜೊತೆ ಬೆಲ್ಲ ಕೊಟ್ಟು, ಎಷ್ಟು ತಿಂಗಳು, ಯಾವೂರು, ಯಾರ ಮನೆ ಅಂತ ವಿಚಾರಿಸಿತು. ವಾಪಸು ಬರುವಷ್ಟರಲ್ಲಿ ಜಗಲಿಯ ಕಡೆ ಗುಂಯ್ ಅನ್ನುವ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು.

ಮಾವನನ್ನು ನಾನು ಬೈಯಲಾರೆ. ಎಷ್ಟೋ ವಾರದಿಂದ ಬೆರಳು ಕಟ್ಟಿಕೊಂಡು ಕೂತಿದ್ದ ಜೀವ. ಎದುರಿಗೆ ಅಷ್ಟು ಮಕ್ಕಳು, ಮಾಡಲು ಏನೂ ಕೆಲಸವಿಲ್ಲದ ಮಳೆಯ ಹೊತ್ತು. ಬಿಂದಿಗೆ ಇಳಿಸಿದ್ದರು, ಗಾಣ ತಿರುಗಿಸಿದ್ದರು, ತೊಟ್ಟಿಲು ತೂಗಿದ್ದರು. ಮಕ್ಕಳು ಕಣ್ಣು ಪಿಳುಕಿಸದೆ ನೋಡುತ್ತಿದ್ದವು. ಎರಡು ಜಡೆಯ ಒಂದು ಪುಟ್ಟ ಹುಡುಗಿ ಕೈ ಚಾಚಿದ್ದಳು. ನಾನು ಓಡಿ ಬರುವಷ್ಟರಲ್ಲಿ ಮಾವ ದಾರದ ತುದಿಯನ್ನು ಹೆಬ್ಬೆಟ್ಟಿನ ಕೆಳಗೆ ಮೆಟ್ಟಿ, ಇನ್ನೊಂದು ತುದಿಯನ್ನು ಅವಳ ಹೊಟ್ಟೆಗೆ ಹಿಡಿದಿದ್ದರು. ಇನ್ನೊಂದು ಕೈಯಲ್ಲಿದ್ದ ಚೂರಿ ದಾರ ಕತ್ತರಿಸಿತು.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಅದನ್ನು ಕಂಡಳು. ಅವಳೇ ಆ ಹುಡುಗಿಯ ತಾಯಿ. ಹೊರೆ ನೆಲಕ್ಕೆ ಬಿತ್ತು. ಅವಳು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅಳತೆ ತಗಂಬುಟ್ಟ! ನನ್ ಮಗೀನ ಅಳತೆ ತಗಂಬುಟ್ಟ ಕಣ್ರಪ್ಪೋ!"

ಜನ ಎಲ್ಲಿಂದ ಬಂದರೋ. ಹೊಲದಿಂದ, ಹಟ್ಟಿಯಿಂದ, ಟೀ ಅಂಗಡಿಯಿಂದ. ತಾಯಿ ಮಗಳನ್ನು ಕಂಕುಳಿಗೆ ಎಳೆದುಕೊಂಡು ಕತ್ತರಿಸಿ ಬಿದ್ದಿದ್ದ ದಾರವನ್ನು ಬಾಚಿಕೊಂಡಳು. ಯಾರೋ ಮಾವನ ತೋಳು ಹಿಡಿದರು, ಇನ್ಯಾರೋ ಗೋಣಿಚೀಲ ಸುರಿದರು. ಉಳಿಗಳು ಖಣಖಣ ಅಂತ ಬಿದ್ದವು. ಕೆಂಪು ಕಡ್ಡಿಗಳು, ಕೆಂಪು ಉಂಡೆ. ಅರಗು ನಾದಿ ನಾದಿ ಮಾವನ ಉಗುರಿನ ಸಂದಿಯೂ ಕೆಂಪು.

"ಕೈ ನೋಡ್ರೋ ಇವನ್ದು! ಏನ್ಲಾ ಮುದುಕ, ಎಷ್ಟು ಮಕ್ಕಳ ಅಳತೆ ತಗಂಡಿದೀಯ, ಯೋಳ್ಲಾ!"

"ಯೋಯೋ ಕಣ್ರಪ್ಪ, ಆಟದ್ದು..." ಅಂತ ಮಾವ ಏನೋ ಹೇಳಹೊರಟರು. ಒಂದು ಏಟು ಬಿತ್ತು. ಅವರ ಟವೆಲ್ಲು ಕೆಸರಿಗೆ ಬಿತ್ತು. ನಮ್ಮ ದಾರದ ಕಟ್ಟನ್ನು ಒಬ್ಬ ಟೀ ಅಂಗಡಿಯ ಒಲೆಗೆ ಎಸೆದ. ತಾಯಿಯ ಕೈಲಿದ್ದ ದಾರವನ್ನೂ ಕೇಳಿದ. ಅವಳು ಕೊಡಲಿಲ್ಲ. "ಸುಟ್ರೆ ಮಗೀಗೆ ಏನಾರ ಆದ್ರೆ?" ಅಂದಳು. ಅವಳ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖದಲ್ಲಿ ಇದ್ದದ್ದೇ ಅವಳ ಮುಖದಲ್ಲೂ ಇತ್ತು.

"ನಾಲೆಗೇ ನೂಕ್ರೋ ಇವನ್ನ," ಅಂತ ಹಿಂದಿನಿಂದ ಒಂದು ದನಿ ಬಂತು. ಮಾವನನ್ನು ಎಳೆಯತೊಡಗಿದರು.

ಧೈರ್ಯ ಬಂತು ಅಂತ ನಾನು ಹೇಳುವುದಿಲ್ಲ. ಧೈರ್ಯ ನನ್ನ ಹತ್ತಿರ ಇದ್ದರೆ ತಾನೇ ಬರೋದು. ಕಾಲು ನಿಲ್ಲಲಿಲ್ಲ, ಅಷ್ಟೆ. ಎಳೆಯುವವರ ಎದುರಿಗೆ ಹೋಗಿ ಒದ್ದೆ ನೆಲದಲ್ಲಿ ಕೂತುಬಿಟ್ಟೆ. ಅಷ್ಟು ಹೊಟ್ಟೆ ಹೊತ್ತವಳನ್ನು ದಾಟಿಕೊಂಡು ಹೋಗಲು ಯಾರಿಗೂ ಆಗಲಿಲ್ಲ.

"ಇವರು ನಮ್ಮ ಮಾವ," ಅಂದೆ. "ದಾರ ಹೊಸೆಯೋಳು ನಾನು. ಹೆಂಗೆ ಅಂತ ತೋರಿಸ್ತೀನಿ, ನೋಡ್ರಿ. ಆಮೇಲೆ ಏನಾದ್ರೂ ಮಾಡ್ಕಳಿ."

ಕೈಚೀಲದಿಂದ ನೂಲು ತೆಗೆದೆ. ಸೀರೆ ಸರಿಸಿ ಕಣಕಾಲ ಮೇಲೆ ಹೊಸೆಯತೊಡಗಿದೆ. ಎಳೆ ಜಾರುತ್ತಿತ್ತು. ಅವಸರ ಮಾಡಿದರೆ ಹುರಿ ಕೂರುವುದಿಲ್ಲ. ಅದು ತಗೊಳ್ಳುವಷ್ಟು ಹೊತ್ತು ತಗೊಳ್ಳಲೇಬೇಕು. ಆ ಹೊತ್ತೇ ನಮ್ಮನ್ನು ಕಾಪಾಡಿತು ಅಂತ ಈಗ ಅನ್ನಿಸುತ್ತದೆ. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ನೀರು ಕೊಟ್ಟಿದ್ದ ಅಜ್ಜಿ ಮುಂದೆ ಬಂದು ಬಗ್ಗಿ ನೋಡಿತು. "ಬತ್ತಿ ಹೊಸ್ದಂಗೇ ಹೊಸೀತಾವ್ಳೆ ಕಣ್ರೋ," ಅಂತು.

ದಾರ ಮುಗಿಯಿತು. ಅಳೆಯಬೇಕಿತ್ತು. ನಾನು ಎದ್ದು ನಿಂತು, ಒಂದು ತುದಿಯನ್ನು ನನ್ನ ಕಾಲ ಕೆಳಗೆ ಹಾಕಿಕೊಂಡು, ಇನ್ನೊಂದು ತುದಿಯನ್ನು ಆ ತಾಯಿಯ ಕಡೆ ಚಾಚಿದೆ.

"ನೀವೇ ಅಳೀರಿ ನನ್ನ. ಹೊಕ್ಕುಳಿಗೆ ಹಿಡೀರಿ."

ಹೆಂಗಸರು ಗಾಬರಿಯಾದರು. "ಬ್ಯಾಡ ಕಣವ್ವ, ಬಸುರಿ ಹೆಂಗ್ಸು," ಅಂತ ಅಜ್ಜಿ ಕೈ ಅಡ್ಡ ಹಿಡಿಯಿತು.

"ದಾರದಲ್ಲಿ ಅಳೆದ್ರೆ ಜೀವ ಹೋಗೋದಾದ್ರೆ ಇಲ್ಲಿ ಎರಡು ಜೀವ ಇದೆ," ಅಂದೆ. "ಅಳೀರಿ."

ಕೇಳುವವರಿಗೆ ಇದು ವೀರಮಾತಿನ ಹಾಗೆ ಕೇಳಿಸಬಹುದು. ನನಗೆ ಗೊತ್ತು ನಾನು ಏನು ಮಾಡುತ್ತಿದ್ದೆ ಅಂತ. ಆ ಮಾತನ್ನು ಅರ್ಧ ನಂಬಿದವಳು ನಾನು. ಮಾವನ ಜೀವಕ್ಕೆ ಪ್ರತಿಯಾಗಿ ಹೊಟ್ಟೆಯ ಮಗುವನ್ನು ಅಡ ಇಡುತ್ತಿದ್ದೇನೆ ಅನ್ನಿಸಿತು. ದೇವರಾಯನದುರ್ಗದ ಸ್ವಾಮಿಗೆ ಮನಸ್ಸಿನಲ್ಲೇ ಮುಡಿಪು ಕಟ್ಟಿದೆ.

ಆ ತಾಯಿ ಬಂದಳು. ದಾರವನ್ನು ಸೀರೆಯ ಮೇಲಿಂದ ಹೊಟ್ಟೆಗೆ ಒತ್ತಿ ಹಿಡಿದಳು. ಅಷ್ಟರಲ್ಲೇ ಮಗು ಒದೆಯಿತು. ಅವಳು ಬೆಂಕಿ ಮುಟ್ಟಿದವಳ ಹಾಗೆ ಕೈ ತೆಗೆದಳು, ಮತ್ತೆ ಮೆಲ್ಲಗೆ ಇಟ್ಟಳು. "ಒದೀತು," ಅಂದಳು, ಯಾರಿಗೂ ಅಲ್ಲ, ತನಗೇ.

ಮಾವನ ತೋಳು ಬಿಟ್ಟರು. ದಾರ ಕತ್ತರಿಸಿ ಯೋಯೋಗೆ ತೊಡಿಸಿ ಅವರ ಬೆರಳಿಗೆ ನಾನೇ ಹಾಕಿದೆ. ಅವರು ಕೈ ಎತ್ತಿ ಬಿಟ್ಟರು. ಯೋಯೋ ಇಳಿಯಿತು, ಅಲ್ಲೇ ಸತ್ತು ನೇತಾಡಿತು. ಜನರ ನಡುವೆ ಗುಜುಗುಜು ಶುರುವಾಯಿತು. ಮಾವನ ತುಟಿ ಒಡೆದು ರಕ್ತ ಬರುತ್ತಿತ್ತು. ಅವರು ನನ್ನ ಕಡೆ ನೋಡಿದರು. ಅಷ್ಟು ದೊಡ್ಡವರು ಹಾಗೆ ನೋಡಿದ್ದನ್ನು ನಾನು ಮೊದಲು ಯಾವತ್ತೂ ಕಂಡಿರಲಿಲ್ಲ.

"ತೊಟ್ಟಿಲು ಮಾಡಿ ಮಾವ. ನಿಧಾನಕ್ಕೆ ಮಾಡಿ," ಅಂದೆ.

ಕಣ್ಣು ಮುಚ್ಚಿಕೊಂಡರು. ದಾರ ಸುತ್ತಿದರು. ಮತ್ತೆ ಬಿಟ್ಟರು. ಗುಂಯ್ ಅಂತು. ಕೆಳಗೆ ನಿಂತು ತಿರುಗಿತು. ಎಡಗೈ ಬೆರಳುಗಳು ಹಳೆಯ ದಾರಿ ಹಿಡಿದು ದಾರವನ್ನು ಎತ್ತಿದವು, ಮುಕ್ಕೋಣ ಆಯಿತು, ನಡುವೆ ಕೆಂಪು ಯೋಯೋ ಅತ್ತಿತ್ತ ತೂಗಿತು. ಈ ಸಲ ಜೋಜೋ ಇರಲಿಲ್ಲ. ಮಳೆಯ ಸದ್ದೊಂದೇ. ಆಮೇಲೆ ಪಟ್ ಅಂತ ಅಂಗೈಗೆ ಬಂತು.

ತಾಯಿಯ ಕಂಕುಳಲ್ಲಿದ್ದ ಹುಡುಗಿ, "ಇನ್ನೊಂದ್ ಸಲ ಅಜ್ಜ," ಅಂದಳು.

ಯಾರೂ ನಗಲಿಲ್ಲ. ಯಾರೂ ತಪ್ಪಾಯಿತು ಅನ್ನಲೂ ಇಲ್ಲ. ಹಿರಿಯರೊಬ್ಬರು, "ಹೊಂಡಿ ಆಚಾರ್ರೆ, ಬಸ್ಸು ರೆಡಿಯಾಯ್ತು. ಇನ್ನು ಈ ಕಡೆ ಇಳೀಬ್ಯಾಡಿ," ಅಂದರು. ಯಾರೋ ಉಳಿಗಳನ್ನು ಆರಿಸಿ ಚೀಲಕ್ಕೆ ತುಂಬಿದರು. ಬಸ್ಸಿನಲ್ಲಿ ಮಾವ ಕುಣಿಗಲ್ ಬರುವವರೆಗೂ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ಅವರ ಪಂಚೆ ಒದ್ದೆಯಾಗಿತ್ತು. ಮಳೆಗೆ ಅಂದುಕೊಂಡೆ. ಮಳೆಗಲ್ಲ. ನಾನು ಮುಖ ತಿರುಗಿಸಿ ಕುಣಿಗಲ್ ಕೆರೆ ನೋಡುತ್ತಾ ಕೂತೆ, ಅವರೂ ಅದನ್ನೇ ನೋಡುತ್ತಾ ಕೂತರು.

ನನ್ನ ಅಳತೆಯ ಆ ದಾರವನ್ನು ಯೋಯೋದಿಂದ ಬಿಡಿಸಿ ಯಾರ ಕೈಗೂ ಸಿಗದ ಹಾಗೆ ಕುಪ್ಪಸದೊಳಗೆ ಇಟ್ಟುಕೊಂಡಿದ್ದೆ. ಸುಡಲು ಭಯ, ಎಸೆಯಲು ಭಯ, ಇಟ್ಟುಕೊಳ್ಳಲೂ ಭಯ. ತವರಿನಲ್ಲಿ ಅಮ್ಮ ಎಣ್ಣೆ ಹಚ್ಚಿ ನೀರು ಹಾಕುವಾಗಲೂ ಮುಷ್ಟಿಯಲ್ಲಿ ಹಿಡಿದೇ ಕೂರುತ್ತಿದ್ದೆ. "ಅದೇನೇ ಅದು?" ಅಂದರೆ "ಹರಕೆ ದಾರ" ಅಂತ ಸುಳ್ಳು ಹೇಳುತ್ತಿದ್ದೆ. ಮಗು ಸ್ವಲ್ಪ ಹೊತ್ತು ಅಲುಗದಿದ್ದರೆ ಹೊಟ್ಟೆ ಒತ್ತಿ ಒತ್ತಿ ಎಬ್ಬಿಸುತ್ತಿದ್ದೆ, ಪಾಪ, ನಿದ್ದೆಯನ್ನೂ ಮಾಡಗೊಡದೆ. ಅವರೆಕಾಯಿ ಕಾಲದಲ್ಲಿ ಹೆಣ್ಣು ಮಗು ಹುಟ್ಟಿತು. ಅತ್ತಿತು. ಆ ಅಳುವನ್ನು ಕೇಳಿ ನಾನೂ ಅತ್ತೆ. ಹೆಣ್ಣಾಯಿತು ಅಂತ ಅಳುತ್ತಿದ್ದೇನೆ ಅಂದುಕೊಂಡು ಸೂಲಗಿತ್ತಿ ನನಗೆ ಚೆನ್ನಾಗಿ ಬೈದಳು.

ಬಾಣಂತನ ಮುಗಿಸಿ ಗುಬ್ಬಿಗೆ ಬಂದಾಗ ಬೇಸಿಗೆ. ಮಾವ ತಿರುಗಣಿಯ ಮುಂದೆ ಕೂರುತ್ತಿದ್ದರು, ಲಟ್ಟಣಿಗೆ ಮಾಡುತ್ತಿದ್ದರು, ಮಂಚದ ಕಾಲು ಮಾಡುತ್ತಿದ್ದರು. ಯೋಯೋ ಮಾತ್ರ ಇಲ್ಲ. ಸ್ಕೂಲಿನ ಮಕ್ಕಳು ಬಾಗಿಲಿಗೇ ಬಂದು ಕೇಳಿದರೂ "ಮರ ಇಲ್ಲ ಹೋಗ್ರಪ್ಪ" ಅಂತ ಕಳಿಸಿಬಿಡುತ್ತಿದ್ದರು. ಮಕ್ಕಳು ಹತ್ತಿರ ಬಂದರೆ ತಾವೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ, "ಆಟದ ಆಚಾರ್ರ ಮನೆ ಇದೇನಾ?" ಅಂದರು. ಅವಳೇ. ಜೊತೆಗೆ ಎರಡು ಜಡೆಯ ಹುಡುಗಿ. ಮಾವ ಕೂತಲ್ಲೇ ಬಿಳಿಚಿಕೊಂಡರು. ನಾನು ತೊಟ್ಟಿಲ ಹತ್ತಿರ ಓಡಿ ಮಗುವನ್ನು ಎತ್ತಿಕೊಂಡೆ. ಅವಳು ಒಳಗೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ದಾರ ತೆಗೆದಳು.

"ಇದ ಏನ್ ಮಾಡ್ಬೇಕೋ ಗೊತ್ತಾಗ್ನಿಲ್ಲ ಆಚಾರ್ರೆ. ಸುಡಕ್ಕೂ ಆಗ್ನಿಲ್ಲ, ಮನೇಲಿ ಮಡಿಕ್ಕಳಕ್ಕೂ ಆಗ್ನಿಲ್ಲ. ಕೊಟ್ಟಿಗೆ ಸೂರಿಗೆ ಸಿಕ್ಸಿದ್ದೆ. ದಿನಾ ಎದ್ದು ಮೊದ್ಲು ಇವಳ ಉಸ್ರು ನೋಡ್ತಿದ್ದೆ, ಆಮೇಲೆ ಇದ ನೋಡ್ತಿದ್ದೆ. ನೀವೇ ಅಳ್ದಿದ್ದು, ನೀವೇ ಬಿಡ್ಸಿ."

ಮಾವ ಆ ದಾರವನ್ನು ಕೈಗೆ ತಗೊಂಡರು. ಎದ್ದು ಅಟ್ಟದ ಮೇಲಿಂದ ಒಂದು ಯೋಯೋ ತೆಗೆದು, ಧೂಳು ಒರೆಸಿ, ಅದೇ ದಾರ ತೊಡಿಸಿ, ಹುಡುಗಿಯ ಕೈಗೆ ಕೊಡದೆ ತಾಯಿಯ ಕೈಗೆ ಕೊಟ್ಟರು. ತಾಯಿ ಮಗಳ ಬೆರಳಿಗೆ ಹಾಕಿದಳು. ಹುಡುಗಿ ಬಿಟ್ಟಳು. ಯೋಯೋ ಅವಳ ಪಾದಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಂತು ಎಗರಿಬಿಟ್ಟಿತು.

"ದಾರ ಗಿಡ್ಡ ಆಗೈತೆ ಅಜ್ಜ," ಅಂದಳು ಹುಡುಗಿ.

ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. "ದಾರ ಗಿಡ್ಡ ಆಗಿಲ್ಲ ಕಣವ್ವ," ಅಂದರು. "ನೀನು ಬೆಳ್ದಿದೀಯ." ಅಷ್ಟು ಹೇಳಿ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು. ಆ ತಾಯಿಯೂ ಅಲ್ಲೇ ಕೆಳಗೆ ಕೂತಳು. ಅತ್ತೆ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟರು. ಹೊಸ ದಾರ ನಾನೇ ಹೊಸೆದೆ. ಅಳೆಯುವ ಹೊತ್ತಿಗೆ ಮಾವ ಗೋಡೆಯ ಕಡೆ ತಿರುಗಿಕೊಂಡರು, ತಾಯಿಯೇ ಅಳೆದಳು. ಮತ್ತೆ ಅವರು ಯೋಯೋ ಮಾಡಿದರು, ಆಟವನ್ನೂ ಆಡಿದರು. ಅಳತೆ ಮಾತ್ರ ಯಾವತ್ತೂ ತೆಗೆಯಲಿಲ್ಲ. ಯಾರಿಗೆ ಕೊಟ್ಟರೂ, "ಮನೇಲಿ ಅಮ್ಮನ ಕೈಲಿ ಕತ್ತರಿಸ್ಕೋ ಹೋಗು," ಅನ್ನುತ್ತಿದ್ದರು.

ನಾಲೆಯಲ್ಲಿ ಎಷ್ಟೋ ವರ್ಷದ ಮೇಲೆ ನೀರು ಬಂತು. ಮಾವ, ಅತ್ತೆ ಇಬ್ಬರೂ ಈಗಿಲ್ಲ. ನನ್ನ ಪುಕ್ಕಲುತನ ಮಾತ್ರ ಗಟ್ಟಿಮುಟ್ಟಾಗಿದೆ. ಮಗಳಿಗೆ ಸ್ಕೂಲ್ ಯೂನಿಫಾರಂ ಹೊಲಿಸಲು ಹೋದಾಗ ಟೈಲರು ಟೇಪು ತೆಗೆದರೆ ನಾನು ಅಂಗಡಿಯಿಂದ ಆಚೆ ಬಂದು ನಿಲ್ಲುತ್ತಿದ್ದೆ. ಅವಳಿಗೆ ಈಗಲೂ ಅದು ದೊಡ್ಡ ತಮಾಷೆ. ಈಗ ಅವಳ ಮಗಳು ಮುತ್ತಜ್ಜನ ಯೋಯೋ ಬೇಕು ಅಂತ ಹಟ ಹಿಡಿದಿದ್ದಾಳಂತೆ. ಪೆಟ್ಟಿಗೆಯಲ್ಲಿ ನನ್ನ ಅಳತೆಯ ಆ ದಾರದ ಪಕ್ಕದಲ್ಲಿದ್ದ ಕೊನೆಯದನ್ನು ತೆಗೆದು, ಹೊಸ ದಾರ ಹೊಸೆದು, ಕಳಿಸಿದ್ದೇನೆ.

ನೆನ್ನೆ ಮಗಳು ಫೋನ್ ಮಾಡಿದ್ದಳು. "ಪಾರ್ಸಲ್ ಬಂತಮ್ಮ. ಆದರೆ ದಾರ ಎಷ್ಟುದ್ದ ಬಿಟ್ಟಿದೀಯ! ಇವಳು ಆಡಿದ್ರೆ ನೆಲಕ್ಕೆ ಬಡಿಯುತ್ತೆ. ನಿಲ್ಲಿಸಿ ಅಳೆದು ಕತ್ತರಿಸ್ಲಾ?"

ನನ್ನ ಕೈ ಮತ್ತೆ ಹೊಟ್ಟೆಗೆ ಹೋಯಿತು.

"ಬೇಡ ಕಣೇ," ಅಂದೆ. "ಬೆಳೀತಾಳೆ. ಅಲ್ಲೀತನಕ ಸ್ಟೂಲ್ ಮೇಲೆ ನಿಂತ್ಕೊಂಡು ಆಡ್ಲಿ."